ಹೆಂಡತಿಯ ಕ್ಯಾರೆಕ್ಟರ್

ಬಸ್ ಕಂಪನಿಯ ದೊಡ್ಡ ನಿಲ್ದಾಣದಲ್ಲಿ ಟಿಕೆಟ್ ಕಿಟಕಿಗಳನ್ನೂ ಶೌಚಾಲಯವನ್ನೂ ದಾಟಿ ಹೋದರೆ ಕೊನೆಯಲ್ಲಿ ಒಂದು ಕೋಣೆ ಸಿಗುತ್ತದೆ. ಪ್ರಯಾಣಿಕರು ಬಸ್ಸಿನಲ್ಲಿ ಮರೆತುಹೋದ ಸಾಮಾನೆಲ್ಲ ಬಂದು ಸೇರುವುದು ಅಲ್ಲಿಗೆ. ಊಟದ ಡಬ್ಬಿ, ಒಂಟಿ ಚಪ್ಪಲಿ, ಒಂದು ಸಲ ಯಾರದೋ ಪೂರ್ತಿ ಹಲ್ಲಿನ ಸೆಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ಛತ್ರಿಗಳು. ಆ ಛತ್ರಿಗಳ ಗುಡ್ಡದ ನಡುವೆ ಕುರ್ಚಿ ಹಾಕಿಕೊಂಡು ಕೂತವರೇ ನಮ್ಮ ಕಥಾನಾಯಕರು. ಅವರಿಗೆ ಛತ್ರಿ ರಾಯರು ಎಂಬ ಹೆಸರು ತಾನಾಗಿ ಅಂಟಿಕೊಂಡಿತ್ತು. ಛತ್ರಿ ಎಂಬುದಕ್ಕೆ ನಮ್ಮ ಮಾತಿನಲ್ಲಿ ಇನ್ನೊಂದು ಅರ್ಥವೂ ಇದೆ. ಆದರೆ ರಾಯರನ್ನು ಒಮ್ಮೆ ನೋಡಿದವರು ಆ ಅರ್ಥದಲ್ಲಿ ಅವರನ್ನು ಕರೆಯಲಾರರು. ಮೋಸ ಮಾಡಬೇಕಾದರೆ ಆ ಮೋಸವನ್ನು ಎಲ್ಲಿಟ್ಟಿದ್ದೇವೆ ಎಂಬುದಾದರೂ ನೆನಪಿರಬೇಕು. ರಾಯರಿಗೆ ಅದೂ ಇರುತ್ತಿರಲಿಲ್ಲ.

ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಹಾಗೆ. ಊರಿನವರು ಕಳೆದುಕೊಂಡದ್ದನ್ನೆಲ್ಲ ಹುಡುಕಿ ಕೈಗಿಡುವ ಮನುಷ್ಯನಿಗೆ ಮನೆಯಲ್ಲಿ ತನ್ನ ಒಂದು ಬನಿಯನ್ನೂ ಸಿಗುತ್ತಿರಲಿಲ್ಲ. "ಇವಳೇ, ನನ್ನ ಕನ್ನಡಕ ಎಲ್ಲಿ?" ಎಂದು ಅವರು ಕೂಗುವುದು, "ನಿಮ್ಮ ಮೂಗಿನ ಮೇಲೆ" ಎಂದು ಹೆಂಡತಿ ತಿರುಗಿಯೂ ನೋಡದೆ ಹೇಳುವುದು, ಇದು ಮದುವೆಯಾದಾಗಿನಿಂದ ಆ ಮನೆಯಲ್ಲಿ ನಡೆದುಬಂದ ಸಂಭಾಷಣೆ.

ಇಂಥ ರಾಯರು ಐವತ್ತರ ಹತ್ತಿರ ಬಂದು ವಿಶ್ವವಿದ್ಯಾಲಯದ ಸಂಜೆ ತರಗತಿಗೆ ಸೇರಿ ಇಂಗ್ಲಿಷ್ ಸಾಹಿತ್ಯ ಮತ್ತು ಬರವಣಿಗೆ ಓದಲು ಹೊರಟದ್ದಕ್ಕೂ ಅವರ ಕೋಣೆಯೇ ಕಾರಣ. ಜನ ಬಸ್ಸಿನಲ್ಲಿ ಇಂಗ್ಲಿಷ್ ಕಾದಂಬರಿಗಳನ್ನು ಬಿಟ್ಟುಹೋಗುತ್ತಿದ್ದರು. ರಾಯರು ಕೆಲಸವಿಲ್ಲದ ಹೊತ್ತಿನಲ್ಲಿ ಡಿಕ್ಷನರಿ ಇಟ್ಟುಕೊಂಡು ಓದುತ್ತಿದ್ದರು. ಆದರೆ ಗ್ರಹಚಾರ ನೋಡಿ, ಕೊನೆಯ ಅಧ್ಯಾಯ ಬರುವಷ್ಟರಲ್ಲಿ ವಾರಸುದಾರರು ಬಂದು ಪುಸ್ತಕ ಒಯ್ದುಬಿಡುತ್ತಿದ್ದರು. ಹೀಗೆ ಹತ್ತಾರು ನಾಯಕಿಯರು ಬಾಗಿಲ ಬಳಿ, ಬಂಡೆಯ ತುದಿಯಲ್ಲಿ, ನ್ಯಾಯಾಲಯದ ಕಟಕಟೆಯಲ್ಲಿ ನಿಂತಲ್ಲೇ ನಿಂತಿದ್ದರು. ಅವರೆಲ್ಲ ಏನಾದರು ಎಂದು ತಿಳಿಯದೆ ಸಾಯಬಾರದೆಂದು ರಾಯರು ಕಾಲೇಜಿಗೆ ಸೇರಿದರು.

ಸೇರಿದ ಮೇಲೆ ಅಲ್ಪಸ್ವಲ್ಪ ಜಂಬವೂ ಸೇರಿಕೊಂಡಿತು. ಊಟ ಸೀದಿದ್ದರೆ "ಇವತ್ತು ಟೋನ್ ಸ್ವಲ್ಪ ಡಾರ್ಕ್" ಎನ್ನತೊಡಗಿದರು. ಕಥೆಯ ಪಾತ್ರಕ್ಕೆ ಪಾತ್ರ ಎಂಬ ಚಿನ್ನದಂಥ ಶಬ್ದ ನಮ್ಮಲ್ಲಿದೆ. ರಾಯರು ಅದನ್ನು ಬಿಟ್ಟು, ನಾಲಿಗೆ ಹೊರಳಿಸಿ ಕ್ಯಾರೆಕ್ಟರ್ ಎನ್ನುತ್ತಿದ್ದರು. ಈ ಕಥೆಯಲ್ಲಿ ಅವರು ಪಟ್ಟ ಪಾಡೆಲ್ಲ ಆ ಒಂದು ಹೊರಳಿಗೆ ತೆತ್ತ ದಂಡ.

ಕೊನೆಯ ವರ್ಷ ಎಲ್ಲರೂ ಇಂಗ್ಲಿಷಿನಲ್ಲಿ ಒಂದು ಸ್ವಂತ ಕಥೆ ಬರೆಯಬೇಕಿತ್ತು. ಅದು ಪಾಸಾದರೆ ಪದವಿ, ಇಲ್ಲದಿದ್ದರೆ ಇಲ್ಲ. ರಾಯರು ಒಬ್ಬ ಗಂಡ, ಅವನಿಗೆ ಸಿಕ್ಕ ಒಂದು ಛತ್ರಿ, ಅದರ ಬಗ್ಗೆ ಮನೆಯಲ್ಲಿ ಕೂತು ಅವನು ಮಾಡುವ ಚಿಂತನೆ, ಇವನ್ನು ಸೇರಿಸಿ ಕಥೆ ಹೆಣೆದರು. ಪ್ರೊಫೆಸರ್ ಮೇಡಂ ಅದನ್ನು ತರಗತಿಯಲ್ಲಿ ಓದಿ, ಇಂಗ್ಲಿಷಿನಲ್ಲಿ ಏನೋ ಹೇಳಿ, ರಾಯರ ಮುಖ ನೋಡಿ ನಮ್ಮ ಭಾಷೆಗೆ ಇಳಿದರು.

"ಛತ್ರಿ ತುಂಬಾ ಚೆನ್ನಾಗಿ ಬಂದಿದೆ. ಅದರ ಹಿಡಿ ಸವೆದಿರೋದು, ಅದನ್ನ ಮೊದಲು ಯಾರು ಹಿಡಿದಿರಬಹುದು ಅನ್ನೋದು, ಎಲ್ಲಾ ಇದೆ. ಆದ್ರೆ ಹೆಂಡತಿ ಕ್ಯಾರೆಕ್ಟರ್ ಸರಿಯಿಲ್ಲ."

"ಯಾಕೆ ಮೇಡಂ? ಪಾಪ, ಒಳ್ಳೇ ಹೆಂಗಸು."

"ಒಳ್ಳೆಯೋಳೋ ಕೆಟ್ಟೋಳೋ ಗೊತ್ತೇ ಆಗಲ್ವಲ್ಲ. ನಾಲ್ಕು ಸಲ ಬರ್ತಾಳೆ. ನಾಲ್ಕು ಸಲಾನೂ ಕಾಫಿ ಲೋಟ ಹಿಡ್ಕೊಂಡು ಬರ್ತಾಳೆ. ಆಕೆಗೆ ಏನು ಬೇಕು?"

ರಾಯರು ಪ್ರಾಮಾಣಿಕವಾಗಿ ಯೋಚಿಸಿದರು. "ಲೋಟ ವಾಪಸ್ ಬೇಕು, ಮೇಡಂ."

ತರಗತಿ ನಕ್ಕಿತು. ಯಾಕೆ ನಗುತ್ತಾರೆಂದು ರಾಯರಿಗೆ ತಿಳಿಯಲಿಲ್ಲ. ಮೇಡಂ ಮಾತ್ರ ನಗಲಿಲ್ಲ. "ಯಾರನ್ನ ನೋಡಿ ಬರೆದ್ರಿ ಇದನ್ನ?"

"ನಮ್ಮನೆಯವಳನ್ನೇ."

"ಹಾಗಾದ್ರೆ ಹೇಳಿ. ನೀವು ಕೆಲಸಕ್ಕೆ ಹೋದ್ಮೇಲೆ ಅವರು ಏನ್ ಮಾಡ್ತಾರೆ? ಎಲ್ಲಿಗೆ ಹೋಗ್ತಾರೆ? ಒಬ್ರೇ ಇದ್ದಾಗ ಹೇಗಿರ್ತಾರೆ?"

ರಾಯರ ಕೋಣೆಯ ಯಾವ ಛತ್ರಿಯನ್ನು ತೋರಿಸಿದರೂ ಅದು ಯಾವ ಬಸ್ಸಿನ ಯಾವ ಸೀಟಿನ ಕೆಳಗೆ ಸಿಕ್ಕಿತೆಂದು ಅವರು ಹೇಳಬಲ್ಲರು. ಹೆಂಡತಿ ಮಧ್ಯಾಹ್ನ ಎಲ್ಲಿರುತ್ತಾಳೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಅವರಿಗೆ ನಾಚಿಕೆಯಾಯಿತು. ಅದರ ಹಿಂದೆಯೇ, ಕೊನೆಯ ಅಧ್ಯಾಯವಿಲ್ಲದ ಕಾದಂಬರಿ ಕೈಗೆ ಬಂದಾಗ ಹುಟ್ಟುವಂಥ ದೊಡ್ಡ ಕುತೂಹಲವೂ ಹುಟ್ಟಿತು.

"ಹೋಗಿ ಗಮನಿಸಿ," ಎಂದರು ಮೇಡಂ. "ಆಮೇಲೆ ತಿದ್ದಿ ಬರ್ಕೊಂಡು ಬನ್ನಿ. ಇದೇ ಸ್ಥಿತೀಲಿ ಇದ್ರೆ ಪಾಸ್ ಮಾಡೋಕೆ ನನ್ನ ಕೈಲಾಗಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ರಾಯರು ಆಡಬಾರದ ಮಾತು ಆಡಿದ್ದು ಆವತ್ತೇ ಸಂಜೆ, ತಮ್ಮ ಕಟ್ಟಡದ ಮೆಟ್ಟಿಲ ಮೇಲೆ. ಮನೆಯೊಳಗೆ ಫೋನಿಗೆ ಸಿಗ್ನಲ್ ಸಿಗುತ್ತಿರಲಿಲ್ಲವಾದ್ದರಿಂದ ಅವರು ಅಲ್ಲಿಗೆ ಬಂದು ತರಗತಿಯ ಜೊತೆಗಾರರೊಬ್ಬರಿಗೆ ಫೋನ್ ಮಾಡಿದರು. ಆತ ಔಷಧಿ ಅಂಗಡಿಯವರು, ಕೊಲೆ ಕಥೆಗಳನ್ನು ಬರೆಯುವವರು.

"ಹೌದ್ರೀ, ಹೆಂಡತಿ ಕ್ಯಾರೆಕ್ಟರೇ ಸರಿಯಿಲ್ಲ. ಮೇಡಂ ಹೇಳೋವರೆಗೂ ನಂಗೆ ಗೊತ್ತೇ ಆಗಿರ್ಲಿಲ್ಲ ನೋಡಿ. ಸಿಟ್ಟಾ? ಛೇ, ಸಿಟ್ಟೇನಿಲ್ಲ, ಕುತೂಹಲ ಅಷ್ಟೆ. ಏನಂದ್ರಿ, ಇನ್ನೊಬ್ಬ ಗಂಡಸಾ? ಹೂಂ, ಒಬ್ಬ ಬಂದ್ರೆ ಒಳ್ಳೇದೇ, ನಂಗೂ ಕೆಲಸ ಹಗುರಾಗುತ್ತೆ. ಅದಕ್ಕೂ ಸರಿಹೋಗ್ಲಿಲ್ಲ ಅಂದ್ರೆ? ನಿಮ್ಮ ಉಪಾಯಾನೇ. ಕೊನೇಲಿ ಸಾಯಿಸ್ಬಿಡೋಣ."

ಮೇಲಿನ ಮೆಟ್ಟಿಲಲ್ಲಿ ಆಪರೇಟರಮ್ಮ ನಿಂತಿದ್ದರು. ಇವರು ಟೆಲಿಫೋನ್ ಕಚೇರಿಯಲ್ಲಿ ಆಪರೇಟರ್ ಆಗಿ ನಿವೃತ್ತರಾದವರು. ಇನ್ನೊಬ್ಬರ ಮಾತು ಕಿವಿಗೆ ಬೀಳುವುದಕ್ಕೆ ಜೀವಮಾನವಿಡೀ ಸಂಬಳ ಪಡೆದವರು, ಈಗ ಅದೇ ಸೇವೆಯನ್ನು ಬಿಟ್ಟಿಯಾಗಿ ಮುಂದುವರಿಸಿದ್ದರು. ರಾಯರು ಪಾತ್ರ ಎಂದಿದ್ದರೆ ಅವರಿಗೆ ಹೆಚ್ಚೆಂದರೆ ಪಾತ್ರೆ ಎಂದು ಕೇಳಿಸುತ್ತಿತ್ತು. ಹೆಂಡತಿಯ ಪಾತ್ರೆ ಸರಿಯಿಲ್ಲವಂತೆ, ತೂತು ಬಿದ್ದಿರಬೇಕು ಎಂದುಕೊಂಡು ಒಳಗೆ ಹೋಗಿಬಿಡುತ್ತಿದ್ದರು. ಆದರೆ ಕ್ಯಾರೆಕ್ಟರ್ ಎಂಬ ಶಬ್ದ ಇಂಗ್ಲಿಷಿನಲ್ಲಿ ಏನೇ ಆಗಿರಲಿ, ನಮ್ಮ ಬೀದಿಗೆ ಬಂದ ಮೇಲೆ ಅದಕ್ಕೆ ಉಳಿದಿರುವುದು ಒಂದೇ ಅರ್ಥ. ಅದೂ ಸರಿಯಿಲ್ಲದಾಗ ಮಾತ್ರ ಬಳಕೆಗೆ ಬರುತ್ತದೆ. ಇಂಥವರ ಕ್ಯಾರೆಕ್ಟರ್ ಸರಿಯಾಗಿದೆ ಎಂದು ಇದುವರೆಗೆ ಯಾರೂ ಯಾರಿಗೂ ಫೋನ್ ಮಾಡಿ ಹೇಳಿದ್ದಿಲ್ಲ.

ಮರುದಿನ ಬೆಳಿಗ್ಗೆ ರಾಯರು ಅಡುಗೆಮನೆ ಬಾಗಿಲಲ್ಲಿ ನಿಂತು ಹೆಂಡತಿಯನ್ನು ಗಮನಿಸತೊಡಗಿದರು.

"ಏನ್ ಕಳ್ಕೊಂಡ್ರಿ?" ಎಂದಳು ಅವಳು.

"ಏನೂ ಇಲ್ಲ. ಸುಮ್ನೆ ನೋಡ್ತಿದೀನಿ."

"ಏನನ್ನ?"

"ನಿನ್ನನ್ನ."

ಅವಳು ಒಲೆ ಸಣ್ಣದು ಮಾಡಿ ಬಂದು ಅವರ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ. ರಾಯರು ಪ್ರೊಫೆಸರರ ಪ್ರಶ್ನೆಯನ್ನು ನೇರವಾಗಿ ಅವಳ ಮುಂದಿಟ್ಟರು. "ನಿಂಗೆ ಏನು ಬೇಕು?"

"ಈರುಳ್ಳಿ. ಎರಡು ಕೇಜಿ. ಕೈಚೀಲ ಬಾಗಿಲ ಹಿಂದಿದೆ."

ನೇರ ದಾರಿಯಲ್ಲಿ ಸಾಹಿತ್ಯ ಸಿಗುವುದಿಲ್ಲವೆಂದು ರಾಯರಿಗೆ ಮನವರಿಕೆಯಾಯಿತು. ಈರುಳ್ಳಿ ತರಲು ಹೊರಟವರು ಮಹಡಿ ಹತ್ತಿ ಆಪರೇಟರಮ್ಮನ ಬಾಗಿಲು ತಟ್ಟಿದರು.

"ಅಮ್ಮಾ, ಒಂದು ವಿಷಯ ಕೇಳ್ಬೇಕಿತ್ತು. ನಾನು ಕೆಲಸಕ್ಕೆ ಹೋದ್ಮೇಲೆ ನಮ್ಮನೆಯವಳು ಏನ್ ಮಾಡ್ತಾಳೆ?"

ಆಪರೇಟರಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. "ನೋಡಿ ರಾಯ್ರೇ, ನಾನು ಇನ್ನೊಬ್ರ ವಿಷಯಕ್ಕೆ ಹೋಗೋಳಲ್ಲ. ಬುಧವಾರ ಊಟ ಆದ್ಮೇಲೆ ಹೊರಡ್ತಾರೆ, ಸಂಜೆ ನೀವು ಬರೋಕೆ ಸ್ವಲ್ಪ ಮುಂಚೆ ಬರ್ತಾರೆ. ಹಸಿರು ಚಪ್ಪಲಿ ಹಾಕ್ಕೊಂಡು ಹೋಗ್ತಾರೆ. ಎಲ್ಲಿಗೆ ಅಂತ ನಂಗೊತ್ತಿಲ್ಲ. ನಂಗೇ ಗೊತ್ತಿಲ್ಲ ಅಂದ್ಮೇಲೆ ಎಷ್ಟು ಗುಟ್ಟಾಗಿರಬೇಕು ನೀವೇ ಯೋಚ್ನೆ ಮಾಡಿ."

"ಭೇಷ್," ಎಂದರು ರಾಯರು. "ನಂಗೆ ಬೇಕಾಗಿದ್ದೂ ಇಂಥದ್ದೇ."

ಹೀಗೆಂದು ಅವರು ಸಂತೋಷದಿಂದ ಕೈ ಉಜ್ಜಿಕೊಂಡದ್ದನ್ನು ಆಪರೇಟರಮ್ಮ ತಮ್ಮ ಕಣ್ಣಾರೆ ಕಂಡರು. ಮೂಲೆಯ ಟೈಲರನನ್ನೂ ರಾಯರು ಬಿಡಲಿಲ್ಲ. ಅವನು ಬಾಯಲ್ಲಿದ್ದ ಗುಂಡುಸೂಜಿ ತೆಗೆದು, "ಅಕ್ಕಾವ್ರಾ? ಅವರು ಅಂಗಡಿಗೆ ಬಂದ್ರೆ ನಗಿಸಿ ನಗಿಸಿ ಸಾಕ್ ಮಾಡ್ತಾರೆ ಸಾರ್," ಎಂದ. ರಾಯರು ಬೆರಗಾದರು. "ನನ್ನ ಹೆಂಡತಿ? ನಗಿಸ್ತಾಳಾ? ಯಾರನ್ನ? ನಿನ್ನನ್ನಾ?" ಎಂದು ಮತ್ತೆ ಮತ್ತೆ ಕೇಳಿದರು. ಪಾಪ, ಟೈಲರು ಗುಂಡುಸೂಜಿ ನುಂಗುವುದೊಂದು ಬಾಕಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಯ ಮನುಷ್ಯ ಅವನು. ಏನೂ ತಪ್ಪು ಮಾಡದಿದ್ದರೂ ಮಧ್ಯಾಹ್ನದಿಂದ ಅಂಗಡಿ ಮುಚ್ಚಿಬಿಟ್ಟ. ಅವನು ಅಂಗಡಿ ಮುಚ್ಚಿದ್ದೇ ಬೀದಿಗೆ ಸಾಕ್ಷಿಯಾಯಿತು. ಮಾತಿಗೆ ಕೈಕಾಲು ಬಂದು ಅದು ಬಸ್ ನಿಲ್ದಾಣದವರೆಗೆ ನಡೆದುಕೊಂಡೇ ಹೋಯಿತು.

ಅಲ್ಲಿಯ ಮ್ಯಾನೇಜರರು ವರ್ಷಗಟ್ಟಲೆ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳ ಹೊತ್ತು ಕೂಗಿ ಮೇಲಕ್ಕೆ ಬಂದವರು. ಹಾಗಾಗಿ ಮುಖ್ಯವಾದದ್ದನ್ನೆಲ್ಲ ಎರಡು ಸಲ ಹೇಳುವ ಅಭ್ಯಾಸ. ಮರುದಿನ ರಾಯರನ್ನು ಕರೆಸಿ, ಬಾಗಿಲು ಹಾಕಿಸಿ, ಕೂರಿಸಿದರು.

"ಸಂಸಾರ ನಿಮ್ಮ ಸ್ವಂತ ವಿಷಯ. ಸಂಸಾರ ನಿಮ್ಮ ಸ್ವಂತ ವಿಷಯ. ಆದ್ರೂ ಹೆಂಡತಿ ಬಗ್ಗೆ ಏನೋ ಕೇಳಿದೆ."

"ಓ, ಕ್ಯಾರೆಕ್ಟರ್ ವಿಷಯನಾ? ನಿಮ್ಮವರೆಗೂ ಬಂತಾ ಸಾರ್," ಎಂದರು ರಾಯರು ಹಿಗ್ಗಿ. ಮೇಲಧಿಕಾರಿಗೆ ಸಾಹಿತ್ಯದಲ್ಲಿ ಆಸಕ್ತಿ ಇರುವುದು ಅವರಿಗೆ ಗೊತ್ತಿರಲಿಲ್ಲ. "ನಮ್ಮ ಕ್ಲಾಸಲ್ಲಿ ಎಲ್ಲರಿಗೂ ಗೊತ್ತು. ಮೇಡಂ ಎಲ್ಲರೆದುರೂ ಹೇಳಿದ್ರು."

"ಎಲ್ಲರೆದುರೂ?"

"ಅದೇ ಒಳ್ಳೇದು ಸಾರ್. ಒಬ್ಬೊಬ್ರೂ ಒಂದೊಂದು ಸಲಹೆ ಕೊಟ್ರು. ಬ್ಯಾಂಕಿನವರೊಬ್ರು ಅವಳನ್ನ ತೆಗೆದೇ ಹಾಕಿ ಅಂದ್ರು. ನಂಗೆ ಮನಸ್ಸು ಬರ್ಲಿಲ್ಲ. ಎಷ್ಟೇ ಆದ್ರೂ ಮೊದಲಿಂದ ಇರೋಳು."

ಮ್ಯಾನೇಜರರು ನೀರು ಕುಡಿದರು. "ಸಾಯಿಸ್ತೀನಿ ಅಂದ್ರಂತೆ. ಸಾಯಿಸ್ತೀನಿ ಅಂದ್ರಂತೆ."

"ಅದು ಕೊನೇ ಉಪಾಯ ಸಾರ್. ಹಾಗೆ ಮಾಡಿದ್ರೆ ಮಾರ್ಕ್ಸ್ ಕಡಿಮೆ ಆಗುತ್ತೆ."

ಇಷ್ಟು ಕೇಳಿದ ಮೇಲೆ ಮ್ಯಾನೇಜರರು ಎದ್ದು ಕಿಟಕಿ ತೆರೆದರು, ರಾಯರಿಗೆ ಅರ್ಧ ದಿನ ರಜೆ ಕೊಟ್ಟರು, ಹಿಂದೆಯೇ ತಾವೂ ಮನೆಗೆ ಬರುವುದಾಗಿ ಎರಡು ಸಲ ಹೇಳಿದರು. ರಾಯರು ಹೊರಗೆ ಬರುತ್ತಿದ್ದಂತೆ ಕಂಡಕ್ಟರೊಬ್ಬ ಅವರ ತೋಳು ಹಿಡಿದು ಕಂಬದ ಮರೆಗೆ ಎಳೆದುಕೊಂಡ.

"ಹೇಳ್ಬಾರ್ದು ಅಂತಿದ್ದೆ ಸಾರ್. ಅಕ್ಕಾವ್ರು ಬುಧವಾರ ನಮ್ಮ ಬಸ್ಸಲ್ಲೇ ಬರ್ತಾರೆ. ಕೊನೇ ಸ್ಟಾಪಿನವರೆಗೂ ಟಿಕೆಟ್ ತಗೋತಾರೆ. ಅಲ್ಲಿ ಇಳಿಯಲ್ಲ. ಅದೇ ಬಸ್ಸಲ್ಲಿ ವಾಪಸ್ ಬರ್ತಾರೆ."

"ಯಾರ ಜೊತೆ?"

"ಯಾರ ಜೊತೇನೂ ಅಲ್ಲ. ಅದೇ ಅರ್ಥ ಆಗ್ತಿಲ್ಲ."

ರಾಯರಿಗೂ ಅರ್ಥವಾಗಲಿಲ್ಲ. ತಾವು ಕೂತ ಕೋಣೆಯ ಮುಂದಿನಿಂದಲೇ ಹೆಂಡತಿ ವಾರಕ್ಕೊಮ್ಮೆ ಬಸ್ಸಿನಲ್ಲಿ ಹಾದುಹೋಗುತ್ತಿದ್ದಳು. ಒಳಗೆ ಬಂದು ಒಂದು ಮಾತು ಹೇಳಿರಲಿಲ್ಲ. ಅವರ ಕುತೂಹಲದ ತಳದಲ್ಲಿ ಏನೋ ಚುಚ್ಚಿತು. ಮನೆಗೆ ಹೋಗುವ ದಾರಿಯುದ್ದಕ್ಕೂ ಅವರಿಗೆ ಕಥೆಯ ನೆನಪೇ ಬರಲಿಲ್ಲ.

ಮನೆಯ ಬಾಗಿಲು ತೆರೆದಿತ್ತು. ಬಾಗಿಲಿಗೆ ಅಡ್ಡವಾಗಿ ಹೆಂಡತಿಯ ಸೂಟ್‌ಕೇಸು ನಿಂತಿತ್ತು. ಒಳಗೆ ಅವಳ ತಮ್ಮ ಬಂದು ಕೂತಿದ್ದ. ಅವನು ಡ್ರೈವಿಂಗ್ ಸ್ಕೂಲ್ ನಡೆಸುವವನು. ಯಾರಾದರೂ ಜೋರಾಗಿ ಮಾತಾಡಿದರೆ ಅವನ ಬಲಗಾಲು ತಾನಾಗಿ ನೆಲದ ಮೇಲೆ ಬ್ರೇಕು ಒತ್ತುತ್ತಿತ್ತು. ಅವನನ್ನು ಕರೆಸಿದ ಆಪರೇಟರಮ್ಮ ಪಕ್ಕದಲ್ಲಿದ್ದರು. ಮ್ಯಾನೇಜರರೂ ಹಿಂದೆಯೇ ಬಂದರು.

"ಭಾವ, ನಿಧಾನವಾಗಿ ಬನ್ನಿ, ಕೂತ್ಕೊಳ್ಳಿ," ಎಂದ ತಮ್ಮ. "ಅಕ್ಕ ಇವತ್ತು ನಮ್ಮನೆಗೆ ಬರ್ತಾಳೆ. ಮುಂದಿನ ದಾರಿ ಆಮೇಲೆ ನೋಡೋಣ."

ಹೆಂಡತಿ ಅವರನ್ನೇ ನೋಡುತ್ತಿದ್ದಳು. ಅವಳ ಕಣ್ಣು ಕೆಂಪಾಗಿತ್ತು, ದನಿ ಮಾತ್ರ ಎಂದಿನಂತಿತ್ತು. "ನನ್ನ ಕ್ಯಾರೆಕ್ಟರ್ ಸರಿಯಿಲ್ಲ ಅಂದ್ರಂತೆ?"

ರಾಯರಿಗೆ ಆಗ ಹೊಳೆಯಿತು. ಎಲ್ಲವೂ ಒಟ್ಟಿಗೆ ಹೊಳೆಯಿತು. ಹೊಳೆದ ರಭಸಕ್ಕೆ ಬಾಯಿಗೆ ಬಂದದ್ದು ಮಾತ್ರ ಇದು: "ನಿಂದಲ್ಲ ಕಣೇ. ನನ್ನ ಹೆಂಡತೀದು."

ತಮ್ಮನ ಕಾಲು ಬ್ರೇಕು ಒತ್ತಿತು.

"ಹಾಗಾದ್ರೆ ನಾನ್ಯಾರು?" ಎಂದಳು ಹೆಂಡತಿ.

"ನೀನು ನೀನೇ. ಅವಳು ಬೇರೆ. ನಿನ್ನನ್ನ ನೋಡ್ಕೊಂಡು ಅವಳನ್ನ ಮಾಡ್ಕೊಂಡೆ."

"ಎರಡನೇದೂ ಇದ್ಯಾ," ಎಂದು ಆಪರೇಟರಮ್ಮ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. "ಎರಡು ವರ್ಷದಿಂದ ಸಂಜೆ ಸಂಜೆ ಕ್ಲಾಸು ಕ್ಲಾಸು ಅಂತ ಹೋಗ್ತಿದ್ದಿದ್ದು ಅಲ್ಲಿಗೆ."

"ಅಯ್ಯೋ, ಅದು ಕಥೆ, ಕಥೆ," ಎಂದು ರಾಯರು ಬೆವತು ಎದ್ದರು. "ತೋರಿಸ್ತೀನಿ ಇರಿ." ಮೇಜಿನ ಮೇಲೆ ಹುಡುಕಿದರು, ಹಾಸಿಗೆ ಎತ್ತಿ ನೋಡಿದರು, ಬೀರು ಬಗೆದರು. ಕೊನೆಗೆ ಅಭ್ಯಾಸ ಬಲ, "ಇವಳೇ, ನನ್ನ ಕಥೆ ಎಲ್ಲಿ?" ಎಂದು ಕೂಗಿದರು.

"ಫ್ರಿಜ್ಜಿನ ಮೇಲೆ, ಬಲ್ಬಿನ ಡಬ್ಬದ ಕೆಳಗೆ," ಎಂದಳು, ಮನೆ ಬಿಟ್ಟು ಹೋಗಲು ಸೂಟ್‌ಕೇಸು ಕಟ್ಟಿದ ಹೆಂಡತಿ.

ಅವಳ ತಮ್ಮ ಆ ಹಾಳೆಗಳನ್ನು ತೆಗೆದುಕೊಂಡು, ಹೊಸಬರನ್ನು ಕೂರಿಸಿಕೊಂಡು ರಸ್ತೆಗೆ ಇಳಿದವನ ಹಾಗೆ ಎಚ್ಚರದಿಂದ ಓದಿ ಅರ್ಥ ಹೇಳಿದ. "ಭಾವನಿಗೆ ಛತ್ರಿ ಸಿಕ್ತು. ಅಕ್ಕ ಕಾಫಿ ತಂದ್ಲು. ಭಾವ ಛತ್ರಿ ಬಗ್ಗೆ ಯೋಚ್ನೆ ಮಾಡಿದ್ರು. ಇನ್ನೂ ಯೋಚ್ನೆ ಮಾಡಿದ್ರು. ಅಕ್ಕ ಕಾಫಿ ತಂದ್ಲು." ಕೊನೆಯ ಹಾಳೆಯ ಅಂಚಿನಲ್ಲಿ ಮೇಡಂ ಕೆಂಪು ಶಾಯಿಯಲ್ಲಿ ಬರೆದಿದ್ದ ಷರಾವನ್ನೂ ಓದಿದ. ಎಲ್ಲರಿಗೂ ತಿಳಿಯಿತು. ಮ್ಯಾನೇಜರರು "ಬರೀ ಕಥೆ, ಬರೀ ಕಥೆ" ಎಂದು ನಿಟ್ಟುಸಿರು ಬಿಟ್ಟರು. ಗುಡ್ಡ ಅಗೆದು ಇಲಿ ಹಿಡಿದಂತಾಗಿ ಆಪರೇಟರಮ್ಮನ ಮುಖ ಬಾಡಿತು.

ಹೆಂಡತಿ ಮಾತ್ರ ಹಾಳೆಗಳನ್ನೇ ನೋಡುತ್ತಿದ್ದಳು. "ಅಷ್ಟೇನಾ ನಾನು?" ಎಂದಳು ಮೆಲ್ಲಗೆ.

ಕ್ಯಾರೆಕ್ಟರ್ ಸರಿಯಿಲ್ಲ ಎನ್ನಿಸಿಕೊಂಡಾಗ ಇದ್ದುದಕ್ಕಿಂತ ಹೆಚ್ಚು ನೋವು ಈ ಮಾತಿನಲ್ಲಿತ್ತು. ರಾಯರು ತಲೆ ತಗ್ಗಿಸಿದರು. "ಅದಕ್ಕೇ ಸರಿಯಿಲ್ಲ ಅಂದಿದ್ದು ಅವರು. ನಂಗೆ ನೀನು ಗೊತ್ತೇ ಇಲ್ಲ. ಬುಧವಾರ ಬಸ್ಸಲ್ಲಿ ಕೊನೇ ಸ್ಟಾಪಿನವರೆಗೆ ಯಾಕೆ ಹೋಗ್ತೀಯ ಅಂತಾನೂ ಗೊತ್ತಿಲ್ಲ."

ಹೊರಡಲು ಎದ್ದಿದ್ದ ಮೂವರೂ ಮತ್ತೆ ಕೂತರು.

ಹೆಂಡತಿ ಅವರನ್ನು ಒಮ್ಮೆ ಸುತ್ತ ನೋಡಿದಳು. "ಯಾರಿಗಾದ್ರೂ ಕಾಫಿ ಬೇಕಾ? ಬೇಡ ತಾನೆ? ಹಾಗಾದ್ರೆ ಹೊರಡಿ," ಎಂದಳು. ತಮ್ಮ ಎದ್ದು ಸೂಟ್‌ಕೇಸಿಗೆ ಕೈ ಹಾಕಿದ. "ಅದು ಅಲ್ಲೇ ಇರ್ಲಿ. ಬುಧವಾರ ನೋಡ್ಕೊಂಡು ಹೇಳ್ತೀನಿ," ಎಂದು ಅವನನ್ನೂ ಕಳಿಸಿದಳು. ಬಾಗಿಲು ಹಾಕಿ ಬಂದು ಗಂಡನಿಗೆ ಹೇಳಿದ್ದು ಇಷ್ಟೇ: "ಬುಧವಾರ ರಜೆ ಹಾಕಿ. ನನ್ನ ಹಿಂದಿನ ಸೀಟಲ್ಲಿ ಕೂತ್ಕೊಳ್ಳಿ. ನನ್ನ ಗುರುತಿಲ್ಲ ನಿಮಗೆ."

ಬುಧವಾರದವರೆಗೆ ಸೂಟ್‌ಕೇಸು ಬಾಗಿಲ ಬಳಿಯೇ ಇತ್ತು. ರಾಯರು ಅದನ್ನು ದಾಟಿಕೊಂಡೇ ಓಡಾಡಿದರು.

ಇನ್ನು ಮುಂದಿನದು ಆ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ಓದುಗರಲ್ಲಿ ಆಪರೇಟರಮ್ಮನ ಪರಿಚಯದವರು ಇಲ್ಲವೆಂಬ ಧೈರ್ಯದ ಮೇಲೆ ಹೇಳುತ್ತಿದ್ದೇವೆ. ಬಸ್ಸು ಮಾರುಕಟ್ಟೆ ದಾಟುತ್ತಿದ್ದಂತೆ ಒಬ್ಬ ವಯಸ್ಸಾದ ಹೆಂಗಸು ಹತ್ತಿ ರಾಯರ ಹೆಂಡತಿಯ ಪಕ್ಕ ಕೂತರು. ಎಲ್ಲಿಗೆ, ಏನು ಎಂದು ಮಾತು ಶುರುವಾಯಿತು.

"ಈಗ ಊರಲ್ಲೇ ಇದೀನಿ," ಎನ್ನುತ್ತಿದ್ದಳು ಹೆಂಡತಿ. "ಮೊದಲು ಹಡಗಲ್ಲಿ ಅಡುಗೆ ಮಾಡ್ತಿದ್ದೆ."

ರಾಯರು ಸೀಟಿನ ತುದಿಗೆ ಬಂದರು.

"ಹಡಗಲ್ಲಾ? ಕಷ್ಟ ಇರುತ್ತೇನೋಮ್ಮ."

"ಅಭ್ಯಾಸ ಆಗುತ್ತೆ ಅಮ್ಮ. ಅಲೆ ಜೋರಿದ್ದಾಗ ಮೊಟ್ಟೆ ಒಡೆಯೋದೇ ಕಷ್ಟ. ಒಡೆಯೋಕೆ ಎರಡು ಕೈ ಬೇಕು, ಗೋಡೆ ಹಿಡ್ಕೊಳ್ಳೋಕೆ ಇನ್ನೊಂದು ಕೈ ಬೇಕು. ಪಾತ್ರೆ ಎಲ್ಲಾ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓಡ್ತಿರುತ್ತೆ. ಆದ್ರೆ ಬೆಳಿಗ್ಗೆ ಒಬ್ಳೇ ಎದ್ದು ಒಲೆ ಹಚ್ಚೋವಾಗ ಸುತ್ತ ಬರೀ ನೀರು. ಆಗ ಒಂಥರಾ ಚೆನ್ನಾಗಿರುತ್ತೆ."

"ಯಜಮಾನ್ರು?"

ಹೆಂಡತಿ ಕಿಟಕಿಯ ಹೊರಗೆ ನೋಡಿದಳು. "ಅವರೂ ಜೊತೇಲೇ ಇದ್ರು. ಒಂದು ಬಂದರಲ್ಲಿ ಏನೋ ಹುಡುಕ್ತಾ ಇಳಿದ್ರು. ಹಡಗು ಹೊರಟುಬಿಡ್ತು."

"ಅಯ್ಯೋ ಪಾಪ. ಆಮೇಲೆ?"

"ಗೊತ್ತಿಲ್ಲ. ಇನ್ನೂ ಹುಡುಕ್ತಿರಬೇಕು."

ಮುದುಕಿ ಅವಳ ಕೈ ಹಿಡಿದುಕೊಂಡು ಎರಡು ಸ್ಟಾಪು ಹಾಗೆಯೇ ಕೂತಿದ್ದು ಇಳಿದುಹೋದರು. ಕೊನೆಯ ಸ್ಟಾಪಿನಲ್ಲಿ ಬಸ್ಸು ಖಾಲಿಯಾಯಿತು. ರಾಯರು ಎದ್ದು ಹೋಗಿ ಹೆಂಡತಿಯ ಪಕ್ಕ ಕೂತರು. ಎರಡು ವರ್ಷ ಫೀಸು ಕಟ್ಟಿ ತಾವು ಕಲಿಯಲಾಗದ್ದನ್ನು ಅವಳು ಹನ್ನೆರಡು ಸ್ಟಾಪಿನಲ್ಲಿ ಮಾಡಿ ಮುಗಿಸಿದ್ದಳು.

"ಪ್ರತಿ ವಾರಾನೂ ಹಡಗೇನಾ?"

"ಇಲ್ಲ. ಒಂದು ವಾರ ನರ್ಸು. ಒಂದು ವಾರ ಅವಳಿ ಮಕ್ಕಳ ತಾಯಿ. ಹೋದ ತಿಂಗಳು ನಿಮ್ಮನ್ನ ಸಾಯಿಸ್ಬಿಟ್ಟೆ."

"ಹೌದಾ?" ರಾಯರ ಕುತೂಹಲ ಕೆರಳಿತು. "ಏನಾಗಿತ್ತು ನಂಗೆ?"

"ಏನೂ ಇಲ್ಲ, ನಿದ್ದೇಲೇ ಹೋದ್ರಿ. ಪಕ್ಕದಲ್ಲಿದ್ದೋಳು ಅತ್ಬಿಟ್ಲು. ನಂಗೂ ಅಳು ಬಂತು."

"ನೀನೂ ಅತ್ಯಾ?" ರಾಯರಿಗೆ ತುಂಬ ಸಂತೋಷವಾಯಿತು. ಆಮೇಲೆ ಕೇಳಿದರು, "ಯಾಕೆ ಹೀಗೆ ಮಾಡ್ತೀಯ?"

"ಮನೇಲಿ ನನ್ನನ್ನ ಕೇಳೋದು ಒಂದೇ. ಅದೆಲ್ಲಿ, ಇದೆಲ್ಲಿ. ಇಲ್ಲಿ ಜನ ನೀವ್ಯಾರು ಅಂತ ಕೇಳ್ತಾರೆ. ಹಾಗೆ ಕೇಳಿಸ್ಕೊಳ್ಳೋಕೆ ಆಸೆ."

ರಾಯರು ಅವಳ ಕೈ ಹಿಡಿದುಕೊಂಡರು. ಆದರೂ ವಿದ್ಯಾರ್ಥಿಯ ಬುದ್ಧಿ ಎಲ್ಲಿ ಹೋಗುತ್ತದೆ. "ಇವಳೇ, ಇದನ್ನ ಇದ್ದಂಗೇ ಬರೆದ್ರೆ ಸಾಕು. ನಾನು ಪಾಸು."

"ಬೇಡ," ಎಂದಳು. "ಬರೆದ್ರೆ ಯಾರಾದ್ರೂ ಓದ್ತಾರೆ. ಓದಿದ್ರೆ ಗುರುತು ಹಿಡೀತಾರೆ. ಆಮೇಲೆ ಈ ಬಸ್ಸಲ್ಲೂ ನಾನು ನಿಮ್ಮ ಹೆಂಡತೀನೇ. ನಂದು ಅಂತ ಇರೋದು ಇದೊಂದು, ಇದನ್ನ ತಗೋಬೇಡಿ."

ಅವಳು ಕೋಪದಿಂದ ಹೇಳಲಿಲ್ಲ, ಬೇಡಿಕೊಂಡಳು. ಮದುವೆಯಾದಾಗಿನಿಂದ ಅವಳು ಅವರಲ್ಲಿ ಏನನ್ನಾದರೂ ಬೇಡಿದ್ದು ರಾಯರಿಗೆ ನೆನಪಿರಲಿಲ್ಲ. ಇದು ಮರೆವಲ್ಲ, ಅವಳು ನಿಜವಾಗಿಯೂ ಬೇಡಿರಲಿಲ್ಲ. ರಾಯರು ಆಯಿತೆಂದರು. ಆವತ್ತು ಮನೆಗೆ ಬಂದ ಮೇಲೆ ಹೆಂಡತಿ ಸೂಟ್‌ಕೇಸಿನ ಬಟ್ಟೆಗಳನ್ನು ಬೀರುವಿಗೆ ಸೇರಿಸಿದಳು.

ಕಥೆ ಒಪ್ಪಿಸುವ ದಿನ ಹತ್ತಿರ ಬಂದಿತು. ರಾಯರು ಕೋಣೆಯಲ್ಲಿ ಕೂತು ಪೆನ್ನು ಹಿಡಿದರೆ ಹಡಗು ತಾನಾಗಿ ಬಂದು ಕಾಗದದ ಮೇಲೆ ನಿಲ್ಲುತ್ತಿತ್ತು. ಬರೆದರೆ ಪದವಿ, ಬರೆಯದಿದ್ದರೆ ಮತ್ತೊಂದು ವರ್ಷ. ಬರೆದರು, ಹರಿದರು. ಕೊನೆಗೆ ಹಳೆಯ ಕಥೆಗೆ ಒಂದೇ ಒಂದು ಪುಟ ಸೇರಿಸಿದರು. ಹೆಂಡತಿ ಎಲ್ಲಿಂದಲೋ ಮನೆಗೆ ಬರುತ್ತಾಳೆ. ಎಲ್ಲಿಗೆ ಹೋಗಿದ್ದಳೆಂದು ಗಂಡ ಕೇಳುವುದಿಲ್ಲ. ಛತ್ರಿ ಪಕ್ಕಕ್ಕಿಟ್ಟು ತಾನೇ ಹೋಗಿ ಇಬ್ಬರಿಗೂ ಕಾಫಿ ಮಾಡುತ್ತಾನೆ. ಸಕ್ಕರೆ ಎಲ್ಲಿದೆಯೆಂದು ಗೊತ್ತಾಗುವುದಿಲ್ಲ. ಅದನ್ನೂ ಕೇಳದೆ, ಸಕ್ಕರೆಯಿಲ್ಲದ ಕಾಫಿಯನ್ನೇ ತಂದು ಅವಳೆದುರು ಕೂರುತ್ತಾನೆ.

ಮೇಡಂ ಓದಿ ಮುಗಿಸಿ ಕನ್ನಡಕ ತೆಗೆದರು. "ಆಕೆಗೆ ಏನು ಬೇಕು ಅಂತ ಗೊತ್ತಾಯ್ತಾ?"

"ಆಯ್ತು ಮೇಡಂ."

"ಇಲ್ಲಿ ಬರೆದಿಲ್ವಲ್ಲ."

"ಇಲ್ಲ ಮೇಡಂ. ಅದು ಅವಳದ್ದು."

ಮೇಡಂ ಅವರನ್ನು ನೋಡಿದರು, ಬಾಗಿಲ ಕಡೆ ನೋಡಿದರು, ದನಿ ತಗ್ಗಿಸಿದರು. "ಮಾರ್ಕ್ಸಿನ ಮಾತು ಬಿಡಿ. ನಂಗೊಬ್ಳಿಗೆ ಹೇಳಿ. ಎಲ್ಲಿಗೆ ಹೋಗಿದ್ಲು?"

"ಕ್ಷಮಿಸಿ ಮೇಡಂ," ಎಂದರು ರಾಯರು.

ಸಂಜೆ ಅವರು ಹಾಳೆಗಳನ್ನು ತಂದು ಹೆಂಡತಿಯ ಕೈಗೆ ಕೊಟ್ಟರು. ಅಂಚಿನಲ್ಲಿ ಕೆಂಪು ಶಾಯಿಯ ಷರಾ ಇತ್ತು. ಅವಳು ಒಂದೊಂದೇ ಶಬ್ದ ಕೂಡಿಸಿಕೊಂಡು, ತಿಳಿಯದ್ದಕ್ಕೆ ರಾಯರ ಮುಖ ನೋಡಿ ಅರ್ಥ ಕೇಳಿ ಓದಿದಳು. ಹೆಂಡತಿಯ ಕ್ಯಾರೆಕ್ಟರ್ ಇನ್ನೂ ಸರಿಯಿಲ್ಲ. ಗಂಡನದು ಸುಧಾರಿಸಿದೆ. ಮುಂದಿನ ವರ್ಷ ಮತ್ತೆ ಬರೆಯಿರಿ.

"ಫೇಲಾದ್ರಾ?"

"ಹೂಂ."

"ನನ್ನಿಂದ?"

"ಏನ್ ಮಾಡೋದು," ಎಂದರು ರಾಯರು. "ನಿನ್ನ ಕ್ಯಾರೆಕ್ಟರ್ ಅಂಥದ್ದು."

ಅವಳು ನಕ್ಕಳು. ಟೈಲರನ ಅಂಗಡಿಯಲ್ಲಿ ನಗಿಸುತ್ತಾ ತಾನೂ ನಗುತ್ತಿದ್ದದ್ದು ಹೀಗೆಯೇ ಇರಬೇಕೆಂದು ರಾಯರಿಗೆ ಅನ್ನಿಸಿತು. ನಗು ನಿಂತ ಮೇಲೆ ಅವಳು ಹಾಳೆಗಳನ್ನು ಮಡಿಸಿ ಫ್ರಿಜ್ಜಿನ ಮೇಲೆ, ಬಲ್ಬಿನ ಡಬ್ಬದ ಕೆಳಗೆ ಇಟ್ಟು ಬಂದಳು.

"ಈ ಬುಧವಾರ ಹಡಗನ್ನ ಆ ಬಂದರಿಗೆ ತಿರುಗಿಸ್ತೀನಿ," ಎಂದಳು. "ನೀವು ಅಲ್ಲೇ ಇದ್ರೆ ಹತ್ತಿಸ್ಕೋತೀನಿ."

"ಅಲ್ಲೇ ಇರ್ತೀನಿ," ಎಂದರು ರಾಯರು.